ಹೂಂಗುಟ್ಟಿದ ಕರಾರು

“ಎಲೇ ದರಿದ್ರ ಮುಂಡೇದೇ, ಮತ್ತೆ ಕುಟ್ಟಿದೆಯೇನೇ?”

ಕೃಷ್ಣಯ್ಯನವರ ಕೂಗು ದೇವರಮನೆಯ ಗೋಡೆ ತೂರಿಕೊಂಡು ಬಂದಾಗ ಮುನಿಲಕ್ಷ್ಮಮ್ಮನ ಕೈಯಲ್ಲಿ ಗುಂಡುಕಲ್ಲು ಇತ್ತು. ಕಲ್ಲಿನ ಕೆಳಗೆ ಹಸಿಶುಂಠಿಯ ಒಂದು ತುಂಡು. ಬಿದ್ದಿದ್ದು ಒಂದೇ ಏಟು, ಶುಂಠಿ ಇನ್ನೂ ಸರಿಯಾಗಿ ಒಡೆದಿರಲೂ ಇಲ್ಲ.

“ಶುಂಠಿ ಅಯ್ನೋರೆ. ಬಸುರಿ ಮಗೀಗೆ ಕಸಾಯ.”

“ಶುಂಠಿಯೋ ಶನಿಯೋ! ಕರಾರಿನಲ್ಲಿ ಏನು ಬರೆದಿದೆ? ಕುಟ್ಟಕೂಡದು, ಬೀಸಕೂಡದು, ಬಡಿಯಕೂಡದು. ಓದಿ ಹೇಳಿದಾಗ ಹೂಂ ಅಂದೆಯೋ ಇಲ್ಲವೋ?”

“ಅಂದೆ ಅಯ್ನೋರೆ.”

“ಮತ್ತೆ? ಮಧ್ಯಾಹ್ನ ಒಂದು ಗಳಿಗೆ ಕಣ್ಣು ಮುಚ್ಚೋ ಹಾಗಿಲ್ಲ ನಿಮ್ಮಂಥ ಕಾಡುಜನರನ್ನ ಒಳಗೆ ಬಿಟ್ಟುಕೊಂಡು!”

ಮುನಿಲಕ್ಷ್ಮಮ್ಮ ಗುಂಡುಕಲ್ಲನ್ನು ಸದ್ದಾಗದಂತೆ ನೆಲಕ್ಕಿಟ್ಟಳು. ಶುಂಠಿಯನ್ನು ಬಾಯಿಗೆ ಹಾಕಿಕೊಂಡು ದವಡೆಯಲ್ಲಿ ಚೆನ್ನಾಗಿ ಅರೆದು, ಒಲೆಯ ಮೇಲೆ ಕುದಿಯುತ್ತಿದ್ದ ನೀರಿಗೆ ಉಗುಳಿದಳು. ಮೂಲೆಯಲ್ಲಿ ಗೋಡೆಗೆ ಒರಗಿಕೊಂಡಿದ್ದ ಮಗಳು ರಂಗಿ, ತುಂಬಿದ ಹೊಟ್ಟೆ ಹಿಡಿದುಕೊಂಡು ಮುಖ ಕಿವುಚಿದಳು.

“ಥೂ! ಏನವ್ವಾ ಇದು ಅಸಯ್ಯ!”

“ಮುಚ್ಕೊಂಡ್ ಕುಡಿಯೇ. ಅಗೀಬಾರ್ದು ಅಂತ ಬರ್ಸಕ್ಕೆ ಆ ಬಡ್ಡೀಮಗಂಗೆ ಇನ್ನೂ ಒಳ್ದಿಲ್ಲ.”

ರಾಜಾಜಿನಗರಕ್ಕೆ ಆಗಿನ್ನೂ ಸೈಟಿನ ಕಲ್ಲು ನೆಟ್ಟು ಕೆಲವೇ ವರ್ಷ. ಒಂದು ಮನೆ ಎದ್ದಿದ್ದರೆ ಅದರ ಪಕ್ಕ ನಾಲ್ಕು ಸೈಟು ಕಳ್ಳಿಗಿಡ ಬೆಳೆದುಕೊಂಡು ಬಿದ್ದಿರುತ್ತಿತ್ತು. ಬಡಾವಣೆ ಬರುವ ಮೊದಲು ಮುನಿಲಕ್ಷ್ಮಮ್ಮನ ಹಟ್ಟಿ ಇದ್ದದ್ದು ಇದೇ ಜಾಗದಲ್ಲಿ. ಗುಡಿಸಲುಗಳನ್ನು ಕೆಡವಿದರು, ಅಳತೆ ಹಿಡಿದರು, ದಾರ ಕಟ್ಟಿದರು. ಅವಳ ಗಂಡ ಕೋಳಿ ಮುಚ್ಚುತ್ತಿದ್ದ ಮೂಲೆಯಲ್ಲಿ ಈಗ ಕೃಷ್ಣಯ್ಯನವರ ಬಚ್ಚಲು ಇತ್ತು. ಗಂಡನೇನೋ ಸಾರವೆಯ ಮೇಲಿಂದ ಬಿದ್ದು ಸತ್ತು ಈ ಎಲ್ಲ ಮಾರ್ಪಾಡಿನಿಂದ ತಪ್ಪಿಸಿಕೊಂಡಿದ್ದ. ಇವಳಿಗೆ ಆ ಸೌಕರ್ಯವೂ ಸಿಗಲಿಲ್ಲ.

ಕೃಷ್ಣಯ್ಯನವರು ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದು ಪಿಂಚಣಿ ಪಡೆದವರು. ಊರಿನವರ ಜಮೀನಿನ ಕಾಗದಗಳನ್ನೆಲ್ಲ ಓದಿ ಓದಿ, ಕಾಗದದಲ್ಲಿ ಇಲ್ಲದ ವಸ್ತು ಲೋಕದಲ್ಲೇ ಇಲ್ಲ ಎಂಬ ನಂಬಿಕೆಗೆ ಬಂದಿದ್ದರು. ಮುಂದೆ ತಮಗೊಂದು ಮನೆ, ಹಿಂದೆ ಬಾಡಿಗೆಗೆಂದು ಸಾಲುಮನೆಗಳು. ಹೀಗೆ ಒಂದು ವಠಾರ ಕಟ್ಟಿಸಿದರು. ಅದರ ಕಲ್ಲು, ಗಾರೆ, ತಾರಸಿ ಎಲ್ಲವನ್ನೂ ಹೊತ್ತು ಕಟ್ಟಿದ್ದು ಮುನಿಲಕ್ಷ್ಮಮ್ಮ ಮತ್ತು ಅವಳ ಹಟ್ಟಿಯ ಹೆಂಗಸರು. ಕಟ್ಟಿ ಮುಗಿಸಿದವರಿಗೆ ಇರಲು ಜಾಗವಿರಲಿಲ್ಲ. ಕಟ್ಟಿಸಿದವರಿಗೆ ಮುಂದೆ ಮಹಡಿ ಏರಿಸುವ ಯೋಚನೆ ಇತ್ತು, ಕೂಗಿದ ಕೂಡಲೇ ಓಡಿಬರುವ ಕೂಲಿಯಾಳು ಬೇಕಿತ್ತು. ಹೀಗಾಗಿ ಕೊನೆಯ ಎರಡು ಮನೆ ಗಾರೆಯವರಿಗೆ ಸಿಕ್ಕಿತು; ಸಾಲು ತಿರುಗಿ ಬಂದು ಕೃಷ್ಣಯ್ಯನವರ ದೇವರಮನೆಯ ಗೋಡೆಗೆ ತಗಲುವ ತುದಿಯದು ಮುನಿಲಕ್ಷ್ಮಮ್ಮನದು. ಮನೆ ಎಂದರೆ ಒಂದು ಕೋಣೆ, ಹೊಗೆ ಹೋಗಲು ಒಂದು ತೂತು.

ಆದರೆ ಕೃಷ್ಣಯ್ಯನವರು ಬಾಯಿಮಾತಿನಲ್ಲಿ ಮನೆ ಕೊಡುವ ಪೈಕಿಯಲ್ಲ.

ಕರಾರು ಓದಿದ ದಿನ ಅವರ ಜಗಲಿಯ ಮೇಲೆ ಪತ್ರ ಬರೆಯುವವನು ಕೂತಿದ್ದ. ಜಗಲಿಯ ಕೆಳಗೆ ಮಣ್ಣಿನಲ್ಲಿ ಮುನಿಲಕ್ಷ್ಮಮ್ಮ. ಅವನು ಕನ್ನಡಕ ಏರಿಸಿಕೊಂಡು ಛಾಪಾ ಕಾಗದವನ್ನು ರಾಗವಾಗಿ ಓದತೊಡಗಿದ. “ಬರೆಸಿಕೊಟ್ಟ ಬಾಡಿಗೆ ಕರಾರು ಪತ್ರದ ಕ್ರಮವೇನೆಂದರೆ, ಸದರಿ ಮನೆಯ ಗೋಡೆಗೆ ಮೊಳೆ ಮುಂತಾದವನ್ನು ಹೊಡೆಯತಕ್ಕದ್ದಲ್ಲ…”

“ಹೂಂ” ಎಂದಳು ಮುನಿಲಕ್ಷ್ಮಮ್ಮ.

ಅವಳ ತಪ್ಪಿನ ಮೂಲ ಇಲ್ಲಿದೆ, ಸ್ವಲ್ಪ ಬಿಡಿಸಿ ಹೇಳಬೇಕು. ತಾರಸಿಗೆ ಸುಣ್ಣದ ಗಚ್ಚು ಹರಡಿದ ಮೇಲೆ ಅದನ್ನು ದಿನಗಟ್ಟಲೆ ಬಡಿಯಬೇಕು. ಹೆಂಗಸರು ಸಾಲಾಗಿ ಕುಕ್ಕರುಗಾಲಿನಲ್ಲಿ ಕೂತು, ಮರದ ಬಡಿಕೋಲು ಹಿಡಿದು, ಎಲ್ಲರೂ ಒಂದೇ ಏಟಿಗೆ ಬಡಿಯಬೇಕು. ಏಟು ತಪ್ಪಬಾರದೆಂದು ಒಬ್ಬಳು ಪದ ಕಟ್ಟಿ ಹೇಳುತ್ತಾಳೆ, ಉಳಿದವರು ಸಾಲಿನ ಕೊನೆಗೆ ಹೂಂ ಎಂದು ಬಡಿಯುತ್ತಾರೆ. ಮೇಸ್ತ್ರಿ ಹೊಟ್ಟೆ ಮುಂದಕ್ಕೆ, ಹೂಂ! ನಮ್ಮ ಕೂಲಿ ಹಿಂದಕ್ಕೆ, ಹೂಂ! ಹುಡುಗಿಯಾಗಿದ್ದಾಗಿನಿಂದ ಹೀಗೆ ಬಡಿದವಳಿಗೆ, ಯಾರಾದರೂ ರಾಗವಾಗಿ ಒಂದು ಸಾಲು ಹೇಳಿ ಉಸಿರು ತೆಗೆದುಕೊಂಡರೆ ಗಂಟಲಿನಿಂದ ಹೂಂ ತಾನಾಗಿ ಹೊರಡುತ್ತಿತ್ತು. ಒಪ್ಪಿದ್ದಕ್ಕಲ್ಲ. ಕೇಳಿದೆ, ಮುಂದಿನದು ಹೇಳು ಎಂಬುದಕ್ಕೆ.

ಪತ್ರದವನು ಓದುತ್ತ ಹೋದ. ಸದರಿ ಬಾವಿಯ ಹಗ್ಗವನ್ನು ಮುಟ್ಟತಕ್ಕದ್ದಲ್ಲ, ಮನೆಯವರು ಸೇದಿ ಸುರಿದಷ್ಟು ನೀರನ್ನು ಹಿಡಿಯತಕ್ಕದ್ದು. ಹೂಂ. ಮಾಂಸಾದಿಗಳನ್ನು ಬೇಯಿಸತಕ್ಕದ್ದಲ್ಲ. ಹೂಂ. ಕುಟ್ಟುವುದು, ಬೀಸುವುದು, ಬಡಿಯುವುದು ಮುಂತಾದ ಸದ್ದಿನ ಕೆಲಸಗಳನ್ನು ಬಾಡಿಗೆದಾರರಾಗಲಿ, ಅವರ ಕಡೆಯವರಾಗಲಿ, ಯಾವ ಹೊತ್ತಿನಲ್ಲಾಗಲಿ, ಯಾವ ಕಾರಣಕ್ಕಾಗಲಿ ಸದರಿ ವಠಾರದ ಆವರಣದೊಳಗೆ ಮಾಡತಕ್ಕದ್ದಲ್ಲ. ಹೂಂ. ಸದರಿ ಮನೆಯಲ್ಲಿ ಯಾವುದೇ ಬಗೆಯ ಅಶೌಚಕ್ಕೆ ಎಡೆಗೊಡತಕ್ಕದ್ದಲ್ಲ. ಹೂಂ. ಇವುಗಳಲ್ಲಿ ಯಾವುದಕ್ಕೆ ತಪ್ಪಿದರೂ ಮುನ್ಸೂಚನೆ ಇಲ್ಲದೆ ಸಾಮಾನು ಹೊರಗೆ ಹಾಕಿಸಿ ಮನೆ ಖಾಲಿ ಮಾಡಿಸತಕ್ಕದ್ದು. ಹೂಂ.

ಇಷ್ಟು ಒಳ್ಳೆಯ ಬಾಡಿಗೆದಾರಳನ್ನು ಕೃಷ್ಣಯ್ಯನವರು ಕಂಡೇ ಇರಲಿಲ್ಲ. ಖುಷಿಯಾಗಿ, “ನಿನ್ನ ಮನೆ ಅಂದುಕೊಂಡು ಇರಮ್ಮ” ಎಂದರು. ಅವಳು ಎಡಗೈ ಹೆಬ್ಬೆಟ್ಟು ಒತ್ತಿದಳು. ಹೊತ್ತು ಮುಳುಗುವುದರೊಳಗೆ ಕಾಗದ ಚಿಕ್ಕಪೇಟೆಯ ವಕೀಲರ ಕಬ್ಬಿಣದ ಪೆಟ್ಟಿಗೆ ಸೇರಿತು.

ಅಂದಿನಿಂದ ಅವಳು ರಾಗಿ ಬೀಸಲು ವಠಾರದ ಹೊರಗೆ, ಮೋರಿಯಾಚೆ ಕಳ್ಳಿಸಾಲಿಗೆ ಬೀಸೋಕಲ್ಲು ಹೊತ್ತುಕೊಂಡು ಹೋಗಬೇಕಾಯಿತು. ಮೆಣಸಿನಕಾಯಿಗೂ ಅಲ್ಲಿಗೇ. ಒಮ್ಮೆ ಬಾಡಿನ ಸಾರು ಮಾಡಲು ಒಲೆಯನ್ನೇ ಅಲ್ಲಿ ಹೂಡಿದಳು. ಬೀದಿಯ ನಾಯಿಗಳಿಗೆ ಅವಳ ಕರಾರು ಬಹಳ ಹಿಡಿಸಿತು.

ಶುಂಠಿ ಜಜ್ಜಿದ ಮಾರನೆಯ ಬೆಳಿಗ್ಗೆ ಕೃಷ್ಣಯ್ಯನವರು ಹಿತ್ತಲಿಗೆ ಬಂದು, ಮೂಗಿಗೆ ಶಲ್ಯ ಅಡ್ಡ ಹಿಡಿದು ನಿಂತರು. ಮುನಿಲಕ್ಷ್ಮಮ್ಮ ಬಾವಿಯ ಹತ್ತಿರ ಕೊಡ ಇಟ್ಟುಕೊಂಡು, ಒಳಗಿನಿಂದ ಯಾರಾದರೂ ಬಂದು ಸೇದಿ ಸುರಿಯಲೆಂದು ಕಾಯುತ್ತಿದ್ದಳು.

“ನಿನ್ನ ಮಗಳಿಗೆ ದಿನ ತುಂಬಿದೆ ಅಲ್ಲವೇ?”

“ಇವತ್ತೋ ನಾಳೆಯೋ ಅಯ್ನೋರೆ. ನಿಮ್ಮ ಆಸೀರ್ವಾದ.”

“ನನ್ನ ಆಶೀರ್ವಾದಕ್ಕೂ ಅದಕ್ಕೂ ಏನೇ ಸಂಬಂಧ? ಮಹಡಿಯ ಗೋಡೆ ಎದ್ದಾಯಿತು, ನಾಳೆ ತಾರಸಿಗೆ ಗಚ್ಚು. ಪುರೋಹಿತರು ಕಟ್ಟುನಿಟ್ಟಾಗಿ ಹೇಳಿದ್ದಾರೆ, ತಾರಸಿ ಮುಚ್ಚೋ ತನಕ ಒಂದೇ ಗೋಡೆಯ ಮಗ್ಗುಲಲ್ಲಿ ಸೂತಕ ಆಗಕೂಡದು ಅಂತ. ನಿನ್ನ ಕೋಣೆ, ನಮ್ಮ ದೇವರಮನೆ ಒಂದೇ ಗೋಡೆ. ಮಗಳನ್ನ ಇವತ್ತೇ ಸಾಗಿಸು.”

“ಎಲ್ಲಿಗೆ ಸಾಗ್ಸಾನ?”

“ನಿಮ್ಮೂರಿಗೆ.”

ಮುನಿಲಕ್ಷ್ಮಮ್ಮ ಸುತ್ತ ನೋಡಿದಳು. “ಇದೇ ನಮ್ಮೂರು. ನೀವ್ ನಿಂತಿದೀರಲ್ಲ, ಅಲ್ಲೇ ನಾನು ಈ ರಂಗೀನ ಹೆತ್ತಿದ್ದು. ಆಗ ಯಾವ್ ಪುರೋಯಿತ್ರೂ ಬಂದು ಬ್ಯಾಡ ಅನ್ನಲಿಲ್ಲ.”

ಕೃಷ್ಣಯ್ಯನವರು ನಿಂತ ಜಾಗದಿಂದ ಥಟ್ಟನೆ ಪಕ್ಕಕ್ಕೆ ಸರಿದರು.

“ಹೆಚ್ಚು ಮಾತು ಬೇಡ. ಅಳಿಯ ಎಲ್ಲಿ?”

“ಸುಂಕದಕಟ್ಟೆ ತಾವ ಕಲ್ಲು ಹೊಡೀತಾವ್ನೆ. ಬಂಡೆ ಮಗ್ಗುಲಾಗೇ ತಡಿಕೆ ಕಟ್ಕೊಂಡವ್ನೆ. ದಿನಾ ಮದ್ದು ಸಿಡೀತದೆ ಅಲ್ಲಿ. ಹೆರೋಳ್ನ ಅಲ್ಲಿಗೆ ಹೆಂಗ್ ಕಳ್ಸಲಿ?”

“ಹಾಗಾದರೆ ಪಕ್ಕದ ಸೈಟಿನಲ್ಲಿ ಸುಣ್ಣದ ಶೆಡ್ಡಿದೆ. ಅಲ್ಲಿ ಹೆರಲಿ. ಅಷ್ಟು ದೊಡ್ಡ ಮನಸ್ಸು ನಾನು ಮಾಡ್ತೀನಿ.”

“ಸುಣ್ಣದಾಗಾ? ಬೆಂದ್ ಸುಣ್ಣ ಅಯ್ನೋರೆ, ಅರಳ್ತಾ ಐತೆ. ನಮ್ ಕೈಕಾಲೇ ತೂತ್ ಬಿದ್ದು ಹೋಗವೆ. ಹಸುಗೂಸಿನ್ ಮೈ ಏನಾಗ್ಬೇಕು?”

“ಅದಕ್ಕೆ ನಾನೇನು ಮಾಡಲಿ? ಕರಾರಿನಲ್ಲೇ ಇದೆ, ಅಶೌಚಕ್ಕೆ ಎಡೆಗೊಡತಕ್ಕದ್ದಲ್ಲ ಅಂತ. ಹೂಂ ಅಂದಿದ್ದೀಯ.”

“ನಿನ್ ಮನೆ ಅಂದ್ಕೊಂಡ್ ಇರು ಅಂತ ನೀವೂ ಅಂದಿದ್ರಿ.”

ಕೃಷ್ಣಯ್ಯನವರು ನಕ್ಕರು. “ಅದು ಬಾಯಿಮಾತು ಕಣೇ. ಬಾಯಿಮಾತಿಗೆ ಬೆಲೆ ಇದ್ದಿದ್ದರೆ ಲೋಕದಲ್ಲಿ ಛಾಪಾ ಕಾಗದ ಯಾಕೆ ಬೇಕಿತ್ತು? ಕಾಗದದಲ್ಲಿ ಇದ್ದದ್ದೇ ಮಾತು. ನಾಳೆ ಹೊತ್ತಿಗೆ ಅವಳು ಆ ಕೋಣೆಯಲ್ಲಿ ಇರಕೂಡದು. ಇದ್ದರೆ ಸಾಮಾನು ಬೀದಿಗೆ.” ಎರಡು ಹೆಜ್ಜೆ ಹೋಗಿ ತಿರುಗಿದರು. “ನಾಳೆ ಕೆಲಸಕ್ಕೆ ತಡ ಮಾಡಬೇಡ. ಮೋಡ ಬೇರೆ ಆಡ್ತಾ ಇದೆ.”

ನೀರು ಸುರಿಯಲು ಅಂದು ಬೆಳಿಗ್ಗೆ ಯಾರೂ ಬರಲಿಲ್ಲ. ಖಾಲಿ ಕೊಡ ಎತ್ತಿಕೊಂಡು ಮುನಿಲಕ್ಷ್ಮಮ್ಮ ನೇರವಾಗಿ ಸಾಲಿನ ಮೊದಲನೆಯ ಮನೆಗೆ ಹೋದಳು. ಅಲ್ಲಿ ಗೋಪೀನಾಥ ಇದ್ದ. ಕಾರ್ಖಾನೆಯೊಂದರ ಆಫೀಸಿನಲ್ಲಿ ಗುಮಾಸ್ತ, ಷರಾಯಿಗೆ ಇಸ್ತ್ರಿ ಹಾಕಿಸುವವನು. ಓದಿದವನು ಎಂದು ವಠಾರದಲ್ಲೆಲ್ಲ ಹೆಸರು.

“ಸಾಮಿ, ಅಸೌಚ ಅಂದ್ರೇನು?”

ಗೋಪೀನಾಥ ಹೊಸ್ತಿಲಲ್ಲಿ ಕೂತು ಬೂಟು ಒರೆಸುತ್ತಿದ್ದ. “ಸೂತಕ ಕಣಮ್ಮ. ಹುಟ್ಟು, ಸಾವು. ಯಾಕೆ?”

“ಅದನ್ನ ಬುಟ್ಕೋಬಾರ್ದು ಅಂತ ಕರಾರ್ನಾಗೆ ಐತಂತೆ. ನಾನು ಕೆಸರು ಬೂಟ್ಸು ಹಾಕ್ಕೊಂಡ್ ಒಳಕ್ಕೆ ಬರೋದೇನೋ ಅಂದ್ಕೊಂಡು ಹೂಂ ಅಂದೆ.”

“ಓದದೆ ಹೆಬ್ಬೆಟ್ಟು ಒತ್ತಬಾರದಮ್ಮ. ಇದೇ ನಿಮ್ಮವರ ತೊಂದರೆ” ಎಂದು ಗೋಪೀನಾಥ ಬುದ್ಧಿ ಹೇಳಿದ.

“ನೀವು ಓದಿ ಒತ್ತಿದ್ರಾ?”

“ನಾನು ಸಹಿ ಮಾಡಿದ್ದು. ನನ್ನದು ಇಂಗ್ಲಿಷ್‌ನಲ್ಲಿದೆ.”

“ಓದಿದ್ರಾ?”

ಗೋಪೀನಾಥ ಬೂಟನ್ನು ತಿರುವಿ ತಿರುವಿ ನೋಡಿದ. ಉದ್ದವಾಗಿ ಸಹಿ ಮಾಡಿ, ಕೆಳಗೊಂದು ಗೀಟು ಎಳೆದು, ಗೀಟಿನ ಕೆಳಗೆ ಎರಡು ಚುಕ್ಕಿ ಇಟ್ಟದ್ದು ನೆನಪಿತ್ತು. ಮೇಲಿದ್ದದ್ದು ಮಾತ್ರ ನೆನಪಿರಲಿಲ್ಲ. “ಎಲ್ಲರದೂ ಒಂದೇ ಥರ ಇರುತ್ತೆ ಬಿಡಮ್ಮ” ಎಂದ.

“ಅಂಗಾದ್ರೆ ನನ್ನದ್ನೇ ಕೇಳಿ.” ಅವಳು ಖಾಲಿ ಕೊಡವನ್ನು ಸೊಂಟಕ್ಕೆ ಒತ್ತಿಕೊಂಡು, ಪತ್ರದವನ ರಾಗದಲ್ಲೇ ಮೊದಲಿನಿಂದ ಶುರು ಮಾಡಿದಳು. ಒಮ್ಮೆ ಹೂಂ ಎಂದ ಸಾಲು ಅವಳ ತಲೆಯಿಂದ ಹೋಗುತ್ತಿರಲಿಲ್ಲ. ಅರ್ಥ ಆಗಿರಬೇಕೆಂದೇನೂ ಇಲ್ಲ. ಸದರಿ ಗೋಡೆ, ಸದರಿ ಬಾವಿ, ಸದರಿ ಆವರಣ ಎಲ್ಲ ಬಂತು. “…ನೆಂಟರಿಷ್ಟರನ್ನು ಮೂರು ದಿನಗಳಿಗೆ ಮೇಲ್ಪಟ್ಟು ಇಟ್ಟುಕೊಳ್ಳತಕ್ಕದ್ದಲ್ಲ…”

ಗೋಪೀನಾಥನ ಕೈಯಲ್ಲಿದ್ದ ಬೂಟು ಅಲ್ಲೇ ನಿಂತಿತು. ಒಳಗಿನಿಂದ ಅವನ ಅತ್ತೆ, ಯುಗಾದಿಗೆ ಬಂದು ಇನ್ನೂ ಹೊರಡದವರು, “ಯಾರಪ್ಪಾ ಅದು ಬೆಳಿಗ್ಗೇನೇ ಪುರಾಣ ಓದ್ತಿರೋದು?” ಎಂದು ಕೂಗಿದರು. ಗೋಪೀನಾಥ ತಟ್ಟನೆ ಎದ್ದು ಬಾಗಿಲು ಎಳೆದುಕೊಂಡು, “ತುಂಗಾ, ನಿಮ್ಮಮ್ಮನಿಗೆ ಸ್ವಲ್ಪ ಮೆಲ್ಲಗೆ ಮಾತಾಡೋಕೆ ಹೇಳು” ಎಂದು ಹೆಂಡತಿಗೆ ಪಿಸುಗುಟ್ಟಿದ.

ಮುನಿಲಕ್ಷ್ಮಮ್ಮ ನಗಲಿಲ್ಲ. “ಅಲ್ಲ ಸಾಮಿ, ಆ ಮನೇಲಿ ಹುಟ್ಟಂಗಿಲ್ಲ, ಸಾಯಂಗಿಲ್ಲ, ಕುಟ್ಟಂಗಿಲ್ಲ, ಬೇಯ್ಸಂಗಿಲ್ಲ. ಮತ್ತೆ ಬಾಡ್ಗೆ ಯಾತಕ್ಕೆ ಕೊಡ್ತಾ ಇದೀವಿ?”

“ಇರೋದಕ್ಕೆ.”

“ಇರೋದು ಅಂದ್ರೆ ಇನ್ನೇನು?”

ಗೋಪೀನಾಥ ಬೂಟನ್ನು ಮತ್ತೆ ಒರೆಸತೊಡಗಿದ. ಬಾಡಿಗೆ ಕಂಟ್ರೋಲರ್ ಅಂತ ಒಬ್ಬರು ಇದ್ದಾರೆ, ಅರ್ಜಿ ಕೊಟ್ಟರೆ ಇಂಥ ಷರತ್ತು ಅಲ್ಲಿ ನಿಲ್ಲುವುದು ಅನುಮಾನ ಎಂದು ಗೊಣಗಿದ. ಬರೆದುಕೊಡಿ ಎಂದಾಗ ಬೂಟು ಏರಿಸಿಕೊಳ್ಳಲು ಆತುರಪಟ್ಟ.

“ಬರೆದುಕೊಡಬಹುದಮ್ಮ. ಆದರೆ ನನ್ನ ಅಕ್ಷರ ಅವರಿಗೆ ಗುರುತು. ನಾನೂ ಇಲ್ಲೇ ಇರಬೇಕಲ್ಲ?”

“ಇರಿ ಇರಿ. ಸದರಿ ಅತ್ತೇನ ಚೆನ್ನಾಗಿ ನೋಡ್ಕೊಳಿ” ಎಂದು ಮುನಿಲಕ್ಷ್ಮಮ್ಮ ಹೊರಟಳು.

ಅಂದು ಸಂಜೆಯ ತನಕ ಅವಳು ಸಿಕ್ಕ ಸಿಕ್ಕವರ ಹಟ್ಟಿಗೆ ಅಲೆದಳು. ಬ್ಯಾಡರಹಳ್ಳಿಯ ದಾರಿಯಲ್ಲಿದ್ದ ಗಂಡನ ತಂಗಿಯ ಗುಡಿಸಲಿನಲ್ಲಿ ಅವರೇ ಕಾಲು ಮಡಚಿ ಮಲಗುತ್ತಿದ್ದರು. ಸುಣ್ಣದ ಶೆಡ್ಡಿಗೂ ಒಮ್ಮೆ ಹೋಗಿ ನೋಡಿದಳು. ನೀರು ಬಿದ್ದ ಸುಣ್ಣ ಕುಳಿಯಲ್ಲಿ ಕೊತಕೊತ ಕುದಿಯುತ್ತಿತ್ತು. ಆವಿಗೆ ಕಣ್ಣು ಉರಿದು ಹೊರಗೆ ಬಂದಳು. ಮನೆಗೆ ಬಂದು ಮಗಳಿಗೆ, “ಇಲ್ಲೇ ಬಿದ್ಕೋ. ಆಗಿದ್ದಾಗ್ಲಿ” ಎಂದಳು.

ಮಾರನೆಯ ದಿನ ಪೂಜೆಯಾಗಿ, ತೆಂಗಿನಕಾಯಿ ಒಡೆದು, ಮಹಡಿಯ ತಾರಸಿಯ ಮೇಲೆ ಗಚ್ಚು ಹರಡಿದರು. ಕೆಳಗೆ ತೊಲೆ, ಅದರ ಮೇಲೆ ಇಟ್ಟಿಗೆ, ಅದರ ಮೇಲೆ ಸುಣ್ಣ ಮತ್ತು ಇಟ್ಟಿಗೆ ಚೂರಿನ ಮಂದವಾದ ಹಾಸು. ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತ, ಹೆಂಗಸರು ಸಾಲಾಗಿ ಬಡಿಯತೊಡಗಿದರು. ಎಲ್ಲರೂ ಹಳೆಯ ಹಟ್ಟಿಯವರು, ಒಬ್ಬರಿಗೊಬ್ಬರು ಅಕ್ಕತಂಗಿ, ಅತ್ತೆಸೊಸೆ. ಗಚ್ಚಿನ ಸ್ವಭಾವ ಅವರಿಗೆ ಗೊತ್ತಿತ್ತು, ಕಟ್ಟಿಸುವವರಿಗೂ ಗೊತ್ತಿರುತ್ತದೆ: ಹಸಿ ಇರುವಾಗ ಬಡಿತ ನಿಲ್ಲಬಾರದು. ನಿಂತು, ಮೇಲೆ ಮಳೆ ಬಿದ್ದರೆ ಸುಣ್ಣ ತೊಳೆದು ಹೋಗಿ ತಾರಸಿ ಜರಡಿಯಾಗುತ್ತದೆ. ಆಮೇಲೆ ಎಷ್ಟು ಬಳಿದರೂ ಸೋರುತ್ತದೆ.

ಕೃಷ್ಣಯ್ಯನವರು ಏಣಿಯ ತುದಿಯಲ್ಲಿ ಛತ್ರಿ ಹಿಡಿದು ನಿಂತು ಎಲ್ಲರ ಕೈ ಎಣಿಸುತ್ತಿದ್ದರು. ಪುರೋಹಿತರು ಕೆಳಗೆ ಜಗಲಿಯ ಮೇಲೆ ದಕ್ಷಿಣೆ ಕಟ್ಟಿಕೊಂಡು ಊಟಕ್ಕೆ ಕಾಯುತ್ತಿದ್ದರು. ಮಾಗಡಿ ಕಡೆಯಿಂದ ಕೃತ್ತಿಕೆ ಮಳೆಯ ಮೋಡ ಕೋಣನ ಹಾಗೆ ಮುನ್ನುಗ್ಗುತ್ತಿತ್ತು.

“ಬೇಗ ಬೇಗ! ಕೈ ಆಡಿಸ್ರೇ! ತಿನ್ನುವಾಗ ಇಷ್ಟು ನಿಧಾನ ಇರಲ್ಲವಲ್ಲ?”

ಮಧ್ಯಾಹ್ನ ತಿರುಗುವ ಹೊತ್ತಿಗೆ ಕೆಳಗಿನ ಕೋಣೆಯಿಂದ ರಂಗಿಯ ನರಳಾಟ ಕೇಳಿಸಿತು. ಸೂಲಗಿತ್ತಿ ಚೌಡಮ್ಮ ಬೆಳಿಗ್ಗೆಯೇ ಬಂದು ಅವಳ ಪಕ್ಕ ಕೂತಿದ್ದಳು. ಕೃಷ್ಣಯ್ಯನವರ ಕಿವಿ ನೆಟ್ಟಗಾಯಿತು. ಏಣಿಯಿಂದ ಬಗ್ಗಿ ಮೇಸ್ತ್ರಿಯನ್ನು ಕೂಗಿದರು.

“ಅಂಜಿನಯ್ಯ! ಅವಳಿನ್ನೂ ಅಲ್ಲೇ ಇದ್ದಾಳೇನೋ? ಎತ್ತಿ ಶೆಡ್ಡಿಗೆ ಹಾಕೋ! ಸಾಮಾನು ಹೊರಗೆ ಎಸಿ!”

ಅಂಜಿನಯ್ಯ ತಲೆ ಕೆರೆದುಕೊಂಡ. “ನೋವು ಬಂದ್ಬುಟ್ಟೈತೆ ಬುದ್ಧೀ. ಈಗ ಹೆಂಗೆ…”

“ಅದಕ್ಕೇ ಈಗಲೇ ಎತ್ತು ಅಂದದ್ದು! ಮುಂದಿನ ಕೆಲಸ ಬೇಕೋ ಬೇಡವೋ ನಿನಗೆ?”

ಮುಂದಿನ ಕೆಲಸ ಅಂಜಿನಯ್ಯನಿಗೆ ಬೇಕಿತ್ತು. ಮೊದಲು ಮಡಕೆಗಳು ಹೊರಗೆ ಬಂದವು. ಆಮೇಲೆ ರಾಗಿಯ ಗುಡಾಣ, ಬೀಸೋಕಲ್ಲು, ಕೌದಿ. ಕೊನೆಗೆ ರಂಗಿಯ ಕೂಗು ಬಂತು: “ಮುಟ್ಟಬ್ಯಾಡ ಕಣೋ ನನ್ನ, ನಿನ್ ಕೈ ಸೇದೋಗ!” ಚೌಡಮ್ಮ ಕತ್ತಿ ಹಿಡಿದು ಬಾಗಿಲಿಗೆ ಅಡ್ಡ ನಿಂತಳು. “ಬಾರೋ ಅಂಜಿನಿ. ನಿನ್ನ ನಿಮ್ಮವ್ವನ ಹೊಕ್ಳು ಬಳ್ಳಿಯಿಂದ ಕುಯ್ದೋಳು ನಾನು. ಮಿಕ್ಕಿದ್ದನ್ನೂ ಇವತ್ತು ಕುಯ್ದೇ ಬುಡ್ತೀನಿ.”

ಅಂಜಿನಯ್ಯ ಅಲ್ಲೇ ನಿಂತ.

ಮುನಿಲಕ್ಷ್ಮಮ್ಮ ತಾರಸಿಯ ಅಂಚಿನಿಂದ ಕೆಳಗೆ ನೋಡಿದಳು. ಅಂಗಳದಲ್ಲಿ ಗುಡಾಣ ಮಗುಚಿಕೊಂಡು ರಾಗಿ ಚೆಲ್ಲಿತ್ತು, ಗುಬ್ಬಿಗಳು ಮುತ್ತಿದ್ದವು. ಅವಳು ಇಳಿದು ಓಡಲಿಲ್ಲ. ತಿರುಗಿ ತನ್ನ ಜಾಗಕ್ಕೆ ಬಂದು, ಕುಕ್ಕರುಗಾಲಿನಲ್ಲಿ ಕೂತು, ಸೆರಗು ಬಿಗಿದು ಬಡಿಕೋಲು ಎತ್ತಿದಳು. ಹೊಸ ಪದ ಶುರುವಾಯಿತು.

“ಸದರಿ ಮನೆಯ ಗೋಡೇಗೆ…”

“ಹೂಂ!” ಬಡಿಕೋಲುಗಳು ಬಿದ್ದವು.

“ಮೊಳೆಯಾ ನಾವು ಹೊಡೆಯಲ್ಲ…”

“ಹೂಂ!”

“ಸದರಿ ಬಾವಿ ಹಗ್ಗಾವ…”

“ಹೂಂ!”

“ಸತ್ರೂ ನಾವು ಮುಟ್ಟಲ್ಲ…”

“ಹೂಂ!”

ಬೀದಿಯಲ್ಲಿ ಹೋಗುವವರು ನಿಂತು ಮೇಲೆ ನೋಡಿದರು. ಕೃಷ್ಣಯ್ಯನವರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಎದೆ ಉಬ್ಬಿತು. ಜಗಲಿಯ ಕಡೆ ಬಗ್ಗಿ, “ಕೇಳಿಸ್ತೇ ಪುರೋಹಿತರೇ? ನನ್ನ ಕರಾರು! ಬಾಡಿಗೆದಾರರು ಅಂದರೆ ಹೀಗಿರಬೇಕು, ಪಾಠ ಒಪ್ಪಿಸ್ತಾ ಇದ್ದಾರೆ” ಎಂದರು.

“ನಮ್ಮ ಕಡೆಯೋರ್ ಯಾರೇ ಆಗ್ಲಿ…”

“ಹೂಂ!”

“ಯಾವ ಹೊತ್ತು ಯಾತಕ್ಕಾಗ್ಲಿ…”

“ಹೂಂ!”

“ವಠಾರ್ದೊಳ್ಗೆ ಕುಟ್ಟಲ್ಲ, ವಠಾರ್ದೊಳ್ಗೆ ಬಡಿಯಲ್ಲ…”

“ಹೂಂ.”

ಹೂಂ ಬಂತು. ಏಟು ಬೀಳಲಿಲ್ಲ. ಮುನಿಲಕ್ಷ್ಮಮ್ಮ ಬಡಿಕೋಲನ್ನು ಮಡಿಲಲ್ಲಿ ಅಡ್ಡ ಇಟ್ಟುಕೊಂಡಿದ್ದಳು. ಪಕ್ಕದವಳು ಅವಳ ಮುಖ ನೋಡಿದಳು, ತನ್ನದನ್ನೂ ಇಟ್ಟುಕೊಂಡಳು. ಸಾಲಿನ ಕೊನೆಯ ತನಕ ಒಬ್ಬೊಬ್ಬರಾಗಿ ಎಲ್ಲರೂ ಇಟ್ಟುಕೊಂಡರು. ಒಬ್ಬಳು ಸೊಂಟದ ಚೀಲ ಬಿಚ್ಚಿ ಎಲೆಗೆ ಸುಣ್ಣ ಹಚ್ಚತೊಡಗಿದಳು.

“ಯಾಕ್ರೇ ನಿಲ್ಲಿಸಿದ್ರಿ?”

“ಕರಾರು ಅಯ್ನೋರೆ” ಎಂದಳು ಮುನಿಲಕ್ಷ್ಮಮ್ಮ. “ಮೊನ್ನೆ ಒಂದು ಸುಂಠಿ ಕುಟ್ಟಿದ್ದಕ್ಕೆ ದರಿದ್ರ ಮುಂಡೆ ಅಂದ್ರಿ. ಇವತ್ತು ಬೆಳಗಿಂದ ಇಡೀ ಮಹಡೀನೇ ಕುಟ್ತಾ ಇದೀವಿ. ಎಷ್ಟು ದೊಡ್ಡ ತಪ್ಪು ನೋಡಿ! ಗ್ಯಾನವೇ ಇರಲಿಲ್ಲ.”

“ಅದು ಬೇರೆ ಕಣೇ, ಇದು ಬೇರೆ! ಇದು ನನ್ನ ಕೆಲಸ!”

“ಬೇರೆ ಅಂತ ಎಲ್ಲಿ ಬರ್ದೈತೆ? ಯಾತಕ್ಕಾಗ್ಲಿ ಅಂತ ಐತೆ. ಯಾರೇ ಆಗ್ಲಿ ಅಂತ ಐತೆ. ಇವ್ರೆಲ್ಲ ನಮ್ ಕಡೆಯೋರೇ.”

“ಮನೆ ನಂದು. ನಾನೇ ಹೇಳ್ತಾ ಇದ್ದೀನಿ, ಬಡೀರಿ!”

“ಬಾಯಿಮಾತು” ಎಂದಳು ಅವಳು. “ಬಾಯಿಮಾತಿಗೆ ಬೆಲೆ ಇಲ್ಲ ಅಂತ ನೀವೇ ಕಲಿಸಿಕೊಟ್ರಿ. ಕಾಗ್ದ ತರ್ಸಿ. ಬಡೀಬೋದು ಅಂತ ಬರೀರಿ. ಅಂಗೇ ಇನ್ನೊಂದು ಸಾಲು ಹೊಡೆದಾಕಿ, ಅಸೌಚದ್ದು. ಬರೆದ್ ತಕ್ಷಣ ಬಡೀತೀವಿ.”

ಕೃಷ್ಣಯ್ಯನವರ ಛತ್ರಿ ಗಾಳಿಗೆ ತಿರುವಿಕೊಂಡಿತು. “ಕಾಗದ ಚಿಕ್ಕಪೇಟೆಯಲ್ಲಿದೆಯಲ್ಲೇ! ವಕೀಲರ ಪೆಟ್ಟಿಗೆಯಲ್ಲಿ!”

“ಕಬ್ಬಿಣದ್ದಲ್ವಾ? ಬದ್ರವಾಗೈತೆ ಬುಡಿ.”

ಹೆಂಗಸರು ನಕ್ಕರು. ಬೀದಿಯಲ್ಲಿ ಯಾರೋ ಸಿಳ್ಳೆ ಹಾಕಿದರು. ಪಶ್ಚಿಮದಲ್ಲಿ ಗುಡುಗು ಉರುಳಿತು. ಕೃಷ್ಣಯ್ಯನವರು ಅಂಜಿನಯ್ಯನನ್ನು ಕೂಗಿದರು. ಅಂಜಿನಯ್ಯ ಏಣಿ ಹತ್ತಿಬಂದು, ಎರಡು ಏಟು ತಾನೇ ಬಡಿದು, ಒಂಟಿ ಕೈಯಲ್ಲಿ ಅಷ್ಟು ಅಗಲದ ಗಚ್ಚು ಆಗುವುದಿಲ್ಲವೆಂದು ಬಡಿಕೋಲು ಕೆಳಗಿಟ್ಟ. ಬೇರೆ ಆಳು ಕರೆದು ತಾರೋ ಎಂದರೆ, ಬೇರೆ ಆಳೂ ಇವರ ಹಟ್ಟಿಯವರೇ ಬುದ್ಧೀ ಎಂದ.

“ನಿಮ್ಮನ್ನೆಲ್ಲ ಪೊಲೀಸಿಗೆ ಕೊಡ್ತೀನಿ!”

“ಏನಂತ ಕೊಡ್ತೀರಾ?” ಎಂದು ಮುನಿಲಕ್ಷ್ಮಮ್ಮ ಕೇಳಿದಳು. “ಕರಾರು ಹೇಳ್ದಂ‍ಗೆ ನಡ್ಕೊಂಡ್ರು ಅಂತಾನಾ?”

ಆಗ ಕೆಳಗಿನಿಂದ ರಂಗಿಯ ಒಂದು ದೊಡ್ಡ ಕೂಗು ಬಂತು. ಅದರ ಹಿಂದೆಯೇ, ದೇವರಮನೆಯ ಗೋಡೆಯ ಆ ಮಗ್ಗುಲಿನಿಂದ, ತೆಳ್ಳಗೆ, ಸಿಟ್ಟಾಗಿ, ಮಗುವಿನ ಅಳು. ಜಗಲಿಯ ಮೇಲೆ ಪುರೋಹಿತರು ಶಿವಶಿವಾ ಎಂದು ಎದ್ದು, ಊಟಕ್ಕೆ ಕಾಯದೆ, ದಕ್ಷಿಣೆಯನ್ನು ಮಾತ್ರ ಮರೆಯದೆ, ಬೀದಿಗಿಳಿದರು. ಗೋಪೀನಾಥನ ಮನೆಯ ಬಾಗಿಲಿನ ಸಂದಿಯಲ್ಲಿ ಅವನ ಅತ್ತೆಯ ಮೂಗು ಕಾಣಿಸಿತು. ಚೌಡಮ್ಮ ಅಂಗಳಕ್ಕೆ ಬಂದು ಮೇಲೆ ಮುಖ ಮಾಡಿ, “ಹೆಣ್ಣು ಕಣೇ ಮುನಿಲಕ್ಷ್ಮೀ! ಬಾಯಿ ನಿನ್ನಂಗೇ ಐತೆ!” ಎಂದಳು.

ಮುನಿಲಕ್ಷ್ಮಮ್ಮ ಸೆರಗಿನಿಂದ ಒಮ್ಮೆ ಮುಖ ಒರೆಸಿಕೊಂಡಳು.

“ಹೆತ್ತುಬಿಟ್ಟಳಲ್ಲೇ! ನನ್ನ ಮನೆಯಲ್ಲಿ ಹೆತ್ತುಬಿಟ್ಟಳು!” ಕೃಷ್ಣಯ್ಯನವರು ಏಣಿಯ ತುದಿಯಿಂದ ಕಿರುಚಿದರು.

“ಹೂಂ” ಎಂದಳು ಮುನಿಲಕ್ಷ್ಮಮ್ಮ.

“ನಾಳೆ ಬೆಳಿಗ್ಗೆ ನೀವು ಒಬ್ಬರೂ ಇಲ್ಲಿ ಇರಕೂಡದು!”

ಈ ಸಲ ಇಡೀ ಸಾಲು ಹೇಳಿತು: “ಹೂಂ.”

ಗಚ್ಚಿನ ಮೇಲೆ ಮೊದಲ ದಪ್ಪ ಹನಿ ಬಿದ್ದು ಸಣ್ಣದೊಂದು ಕುಳಿ ಮಾಡಿತು. ಅದರ ಪಕ್ಕ ಇನ್ನೊಂದು. ಕೃಷ್ಣಯ್ಯನವರು ತಿರುವಿಕೊಂಡ ಛತ್ರಿಯನ್ನು ಎಸೆದು, ಮಂಡಿಯೂರಿ, ಎರಡೂ ಅಂಗೈಯಲ್ಲಿ ಸುಣ್ಣವನ್ನು ತಟ್ಟತೊಡಗಿದರು. ಸುಣ್ಣ ಕೈ ಸುಟ್ಟಿತು. ಕೈ ಕೊಡವಿಕೊಂಡು ಸಾಲಿನ ಕಡೆ ತಿರುಗಿದರು.

“ಅಮ್ಮಾ, ನಿಮ್ಮ ದಮ್ಮಯ್ಯ ಕಣ್ರೇ, ಬಡೀರೇ!”

“ಹೂಂ.”

“ಸೋರುತ್ತಲ್ರೇ! ಜನ್ಮ ಇರೋ ತನಕ ಸೋರುತ್ತೆ!”

“ಹೂಂ.”

“ಮಳೆ ಬಂತಲ್ರೇ!”

ಬಡಿಕೋಲುಗಳು ಮಡಿಲಲ್ಲೇ ಇದ್ದವು. ನೀರು ಅವರ ತಲೆಯಿಂದ, ಮೊಣಕೈಯಿಂದ ಇಳಿದು, ಬೆಳ್ಳಗಾಗಿ ಅಂಚಿನಿಂದ ಅಂಗಳಕ್ಕೆ ಸುರಿಯುತ್ತಿತ್ತು.

“ಹೂಂ” ಎಂದರು ಎಲ್ಲರೂ, ಮುಂದಿನದು ಹೇಳಲಿ ಎಂದು.